ಹೊಲಿದು ಧರಿಸುವ ಕೂದಲು: ಸ್ಯೂ-ಇನ್ ವೀವ್ ವಿಧಾನ ಮತ್ತು ತಯಾರಕರು ಅರಿಯಬೇಕಾದ ಅಂಶಗಳು

ಭಾರತದಿಂದ ರಫ್ತಾಗುವ ಸರಕುಗಳಲ್ಲಿ ಮಾನವ ಕೂದಲಿಗೆ ತನ್ನದೇ ಆದ ಸ್ಥಾನವಿದೆ. ತಿರುಮಲದಲ್ಲಿ ಭಕ್ತರು ಅರ್ಪಿಸುವ ಮುಡಿಯನ್ನು ತಿರುಮಲ ತಿರುಪತಿ ದೇವಸ್ಥಾನವು ಇ-ಹರಾಜಿನ ಮೂಲಕ ಮಾರಾಟ ಮಾಡುತ್ತದೆ. ಕರ್ನಾಟಕದಲ್ಲಿ ಕೊಪ್ಪಳಕ್ಕೆ ಹೊಂದಿಕೊಂಡಿರುವ ಭಾಗ್ಯನಗರವು ಕೂದಲಿನ ಉದ್ದಿಮೆಗೆ ಹೆಸರಾಗಿದೆ. ಬಾಚಣಿಗೆಗೆ ಸಿಕ್ಕಿ ಉದುರಿದ ಕೂದಲಿನ ಉಂಡೆಗಳನ್ನು ಬಿಡಿಸಿ, ಶುಚಿಗೊಳಿಸಿ, ಉದ್ದಕ್ಕೆ ತಕ್ಕಂತೆ ವಿಂಗಡಿಸುವ ಕೆಲಸ ಅಲ್ಲಿನ ಅನೇಕ ಕುಟುಂಬಗಳಿಗೆ, ವಿಶೇಷವಾಗಿ ಮಹಿಳೆಯರಿಗೆ, ದುಡಿಮೆಯನ್ನು ಒದಗಿಸಿದೆ.

ಹೀಗೆ ಹೊರಡುವ ಕೂದಲು ಕೊನೆಗೆ ಯಾರ ತಲೆಯನ್ನು ಸೇರುತ್ತದೆ, ಅಲ್ಲಿ ಅದನ್ನು ಹೇಗೆ ಕೂರಿಸುತ್ತಾರೆ, ಎಷ್ಟು ಕಾಲ ಅದು ಬಾಳಬೇಕು ಎಂಬ ವಿಷಯಗಳು ಮಾತ್ರ ಸರಕನ್ನು ಕಳುಹಿಸುವ ಬಹುಪಾಲು ಸಣ್ಣ ಘಟಕಗಳಿಗೆ ತಿಳಿದಿರುವುದಿಲ್ಲ. ಬಟ್ಟೆ ನೇಯುವವರಿಗೆ ದರ್ಜಿಯ ಕತ್ತರಿಯ ಪರಿಚಯವಿರುತ್ತದೆ. ಕೂದಲು ಮಾರುವವರಿಗೆ ಅದನ್ನು ಹೊಲಿಯುವವರ ಸೂಜಿಯ ಪರಿಚಯವಿರುವುದು ಅಪರೂಪ. ಕಚ್ಚಾ ಕೂದಲನ್ನು ತೂಗಿ ಮಾರುವವರಿಗೆ ಈ ಅರಿವಿನ ಕೊರತೆ ಅಷ್ಟಾಗಿ ಬಾಧಿಸದಿರಬಹುದು. ಆದರೆ ಸಿದ್ಧ ಪಟ್ಟಿಗಳನ್ನು ತಯಾರಿಸಿ ಹೆಚ್ಚಿನ ಮೌಲ್ಯ ಪಡೆಯಬಯಸುವವರು ಈ ಸೂಜಿಯ ಕೆಲಸವನ್ನು ತಿಳಿಯಲೇಬೇಕು. ಖರೀದಿದಾರರು ಒಡ್ಡುವ ಷರತ್ತುಗಳಲ್ಲಿ ಹೆಚ್ಚಿನವು ಅಲ್ಲಿಂದಲೇ ಹುಟ್ಟಿದವು.

ವಿಧಾನದ ಹಿನ್ನೆಲೆ

ಜಡೆಗೆ ಚೌರಿ ಸೇರಿಸಿ ಹೆಣೆಯುವ ಪದ್ಧತಿ ಕನ್ನಡ ನಾಡಿಗೆ ಹೊಸದಲ್ಲ. ಚೌರಿಯನ್ನು ಬೆಳಿಗ್ಗೆ ಹೆಣೆದು ರಾತ್ರಿ ಬಿಚ್ಚಿಡಬಹುದು. ಸ್ಯೂ-ಇನ್ ವೀವ್ ಹಾಗಲ್ಲ. ಇದರಲ್ಲಿ ಕೂದಲಿನ ಪಟ್ಟಿಯನ್ನು ಧರಿಸುವವರ ಸ್ವಂತ ಹೆಣಿಗೆಗೆ ಸೂಜಿದಾರದಿಂದ ಹೊಲಿಯಲಾಗುತ್ತದೆ. ಅದು ವಾರಗಟ್ಟಲೆ ತಲೆಯ ಮೇಲೆಯೇ ಇರುತ್ತದೆ.

ಈ ಪದ್ಧತಿಯನ್ನು ರೂಪಿಸಿದವರಲ್ಲಿ ಅಮೆರಿಕದ ಕಪ್ಪು ಮಹಿಳೆ ಕ್ರಿಸ್ಟೀನಾ ಜೆಂಕಿನ್ಸ್ ಪ್ರಮುಖರು. ಕೂದಲನ್ನು ತಲೆಗೂದಲಿಗೆ ಭದ್ರವಾಗಿ ಜೋಡಿಸುವ ಅವರ ವಿಧಾನಕ್ಕೆ 1952ರಲ್ಲಿ ಅಮೆರಿಕದ ಪೇಟೆಂಟ್ ದೊರೆಯಿತು. ಅದುವರೆಗೆ ವಿಗ್ಗು ಅಥವಾ ಪಿನ್ನಿನಿಂದ ಸಿಕ್ಕಿಸುವ ತುಣುಕುಗಳೇ ಬಳಕೆಯಲ್ಲಿದ್ದವು. ಅವು ಜಾರುವ ಭಯ ಇದ್ದೇ ಇತ್ತು. ಹೊಲಿಗೆಯ ವಿಧಾನ ಆ ಭಯವನ್ನು ನೀಗಿಸಿತು. ಇಂದು ಅಮೆರಿಕ, ಬ್ರಿಟನ್, ನೈಜೀರಿಯ, ದಕ್ಷಿಣ ಆಫ್ರಿಕ ಮೊದಲಾದ ದೇಶಗಳ ಕಪ್ಪು ಮಹಿಳೆಯರಲ್ಲಿ ಇದು ವ್ಯಾಪಕವಾಗಿ ಬಳಕೆಯಲ್ಲಿದೆ. 2009ರಲ್ಲಿ ತೆರೆಕಂಡ ಅಮೆರಿಕದ ‘ಗುಡ್ ಹೇರ್’ ಸಾಕ್ಷ್ಯಚಿತ್ರವು ಅಲ್ಲಿನ ವೀವ್ ಮಾರುಕಟ್ಟೆಯ ಜಾಡು ಹಿಡಿದು ಭಾರತದ ದೇವಾಲಯಗಳ ಮುಡಿ ಸೇವೆಯವರೆಗೂ ಬಂದಿತ್ತು.

ಈ ಮಹಿಳೆಯರ ಸ್ವಾಭಾವಿಕ ಕೂದಲು ಬಿಗಿಯಾದ ಸುರುಳಿಗಳುಳ್ಳದ್ದು. ಬಿಸಿ ಉಪಕರಣಗಳಿಂದಾಗಲಿ ರಾಸಾಯನಿಕಗಳಿಂದಾಗಲಿ ಅದನ್ನು ಪದೇ ಪದೇ ನೇರಗೊಳಿಸಿದರೆ ಹಾನಿಯಾಗುತ್ತದೆ. ಸ್ವಂತ ಕೂದಲನ್ನು ಹೆಣೆದು ಪಟ್ಟಿಯ ಅಡಿಯಲ್ಲಿ ವಿಶ್ರಾಂತಿಗೆ ಬಿಟ್ಟು, ಅಲಂಕಾರವನ್ನೆಲ್ಲ ಮೇಲಿನ ಕೂದಲಿಗೆ ಮಾಡುವುದು ವೀವ್ ಧರಿಸುವವರಲ್ಲಿ ಅನೇಕರ ಉದ್ದೇಶ. ಆದ್ದರಿಂದ ಇದನ್ನು ಬರೀ ಶೋಕಿಯ ಸರಕೆಂದು ಭಾವಿಸುವುದು ಸರಿಯಲ್ಲ. ಕೊಳ್ಳುವವರು ಅದರ ಮೇಲೆ ಗಣನೀಯ ಹಣವನ್ನೂ ಹಲವು ಗಂಟೆಗಳ ಸಮಯವನ್ನೂ ತೊಡಗಿಸುತ್ತಾರೆ; ಗುಣದಲ್ಲಿ ಕೊರತೆ ಕಂಡರೆ ಮರಳಿ ಅದೇ ಸರಕಿನತ್ತ ಸುಳಿಯುವುದಿಲ್ಲ.

ಹೊಲಿಗೆ ನಡೆಯುವ ಬಗೆ

ಮೊದಲ ಹಂತ ಸಿದ್ಧತೆಯದು. ತಲೆಯನ್ನು ತೊಳೆದು, ಕಂಡೀಷನರ್ ಹಚ್ಚಿ, ಸಂಪೂರ್ಣವಾಗಿ ಒಣಗಿಸಿ, ಸಿಕ್ಕು ಬಿಡಿಸಲಾಗುತ್ತದೆ. ತೇವ ಉಳಿದ ಕೂದಲನ್ನು ಹೆಣೆದರೆ ಒಳಗೇ ಮುಗ್ಗಲು ವಾಸನೆ ಹುಟ್ಟುತ್ತದೆ.

ಎರಡನೆಯದು ಅಡಿಪಾಯದ ಹೆಣಿಗೆ. ನೆತ್ತಿಗೆ ಅಂಟಿದಂತೆ ಸಾಲುಸಾಲಾಗಿ ಹೆಣೆಯುವ ಈ ಕಿರುಜಡೆಗಳಿಗೆ ಕಾರ್ನ್‌ರೋ ಎಂದು ಹೆಸರು. ಹಣೆಯಿಂದ ಹಿಂದಕ್ಕೆ ನೇರ ಸಾಲುಗಳಲ್ಲಿ ಅಥವಾ ತಲೆಯ ಸುತ್ತ ವೃತ್ತಾಕಾರದಲ್ಲಿ ಇವನ್ನು ಹೆಣೆಯುತ್ತಾರೆ. ಹೆಣಿಗೆ ತೆಳುವಾಗಿ, ಸಮತಟ್ಟಾಗಿ ಇದ್ದಷ್ಟೂ ಮೇಲಿನ ಪಟ್ಟಿ ಉಬ್ಬಿಲ್ಲದೆ ಕೂರುತ್ತದೆ. ಕೆಲವರು ಹೆಣಿಗೆಯ ಮೇಲೆ ತೆಳುವಾದ ಬಲೆಯನ್ನು ಹೊದಿಸಿ ಅದಕ್ಕೂ ಸೇರಿಸಿ ಹೊಲಿಯುವುದುಂಟು. ಇದರಿಂದ ಭಾರ ಹಂಚಿಹೋಗುತ್ತದೆ.

ಮೂರನೆಯ ಹಂತದಲ್ಲಿ ಬಾಗಿದ ಸೂಜಿ ಮತ್ತು ನೈಲಾನ್ ಅಥವಾ ಹತ್ತಿಯ ಗಟ್ಟಿ ದಾರದಿಂದ ಪಟ್ಟಿಯನ್ನು ಹೊಲಿಯಲಾಗುತ್ತದೆ. ಕೆಲಸ ಕುತ್ತಿಗೆಯ ಕಡೆಯಿಂದ ಆರಂಭವಾಗಿ ಮೇಲಕ್ಕೆ ಸಾಗುತ್ತದೆ. ಸೂಜಿಯು ಹೆಣಿಗೆಯ ಅಡಿಯಿಂದ ಹಾದು, ಪಟ್ಟಿಯ ಅಂಚನ್ನು ಸುತ್ತಿ, ದಾರದ ಕುಣಿಕೆಯೊಳಗೆ ಬಂದು ಗಂಟಾಗುತ್ತದೆ. ನುರಿತವರು ಪಟ್ಟಿಯ ಅಂಚನ್ನು ಚುಚ್ಚುವುದಿಲ್ಲ. ಚುಚ್ಚಿದರೆ ಅಲ್ಲಿನ ತಯಾರಿಕೆಯ ಹೊಲಿಗೆ ಸಡಿಲವಾಗಿ ಕೂದಲು ಉದುರತೊಡಗುತ್ತದೆ. ಸಾಲಿನ ತುದಿ ಬಂದಾಗ ಪಟ್ಟಿಯನ್ನು ಕತ್ತರಿಸಬಹುದು, ಇಲ್ಲವೆ ಮಡಚಿ ಮುಂದಿನ ಸಾಲಿಗೆ ಒಯ್ಯಬಹುದು.

ಕೊನೆಯ ಹಂತ ಹೊಲಿಗೆಯನ್ನು ಮರೆಮಾಡುವುದು. ನೆತ್ತಿಯ ಮೇಲೆ ಸ್ವಲ್ಪ ಸ್ವಂತ ಕೂದಲನ್ನು ಹೆಣೆಯದೆ ಉಳಿಸಿಕೊಂಡು ಮೇಲಿಂದ ಬಾಚುವುದು ಒಂದು ದಾರಿ. ಕ್ಲೋಷರ್ ಅಥವಾ ಫ್ರಂಟಲ್ ಎಂಬ ಲೇಸ್ ತುಣುಕನ್ನು ಹೊಲಿಯುವುದು ಇನ್ನೊಂದು ದಾರಿ. ಲೇಸಿನ ಒಂದೊಂದು ಕಣ್ಣಿಗೂ ಕೂದಲನ್ನು ಗಂಟುಹಾಕಿರುವುದರಿಂದ ಅದು ನೆತ್ತಿಯಿಂದಲೇ ಬೆಳೆದಂತೆ ಕಾಣುತ್ತದೆ. ಬೈತಲೆಗಾಗಿ 4 ಅಂಗುಲ ಉದ್ದಗಲದ ಕ್ಲೋಷರ್ ಮತ್ತು ಕಿವಿಯಿಂದ ಕಿವಿಯವರೆಗೆ ಹರಡುವ 13 ಅಂಗುಲ ಉದ್ದ, 4 ಅಂಗುಲ ಅಗಲದ ಫ್ರಂಟಲ್ ಹೆಚ್ಚು ಚಾಲ್ತಿಯಲ್ಲಿರುವ ಅಳತೆಗಳು.

ಧರಿಸುವ ಅವಧಿ ಮತ್ತು ಆರೈಕೆ

ಒಮ್ಮೆ ಹೊಲಿದ ವೀವ್ ಸಾಮಾನ್ಯವಾಗಿ 6ರಿಂದ 8 ವಾರ ತಲೆಯ ಮೇಲಿರುತ್ತದೆ. ಈ ಅವಧಿಯಲ್ಲಿ ಅದನ್ನು ತೊಳೆಯಬೇಕು, ಬಾಚಬೇಕು, ಬಿಸಿ ಉಪಕರಣಕ್ಕೆ ಒಡ್ಡಬೇಕು. ಅದರ ಮೇಲೆಯೇ ಮಲಗಬೇಕು. ವಾರಕ್ಕೋ ಎರಡು ವಾರಕ್ಕೋ ಒಮ್ಮೆ ನೀರು ಬೆರೆಸಿ ತೆಳುಮಾಡಿದ ಶಾಂಪೂವನ್ನು ಸಾಲುಗಳ ನಡುವೆ ಹಾಯಿಸಿ ತೊಳೆದು, ಒಳಗಿನ ಹೆಣಿಗೆ ಪೂರ್ಣವಾಗಿ ಒಣಗುವಂತೆ ಡ್ರೈಯರ್ ಅಡಿಯಲ್ಲಿ ಕುಳಿತುಕೊಳ್ಳುವುದು ವಾಡಿಕೆ. ರಾತ್ರಿ ತಲೆದಿಂಬಿನ ಉಜ್ಜಾಟ ತಪ್ಪಿಸಲು ರೇಷ್ಮೆ ಅಥವಾ ಸ್ಯಾಟಿನ್ ವಸ್ತ್ರವನ್ನು ಸುತ್ತಿಕೊಳ್ಳುತ್ತಾರೆ. ಬಾಚುವಾಗ ತುದಿಯಿಂದ ಆರಂಭಿಸಿ ಮೇಲಕ್ಕೆ ಬರಬೇಕು.

ತೆಗೆಯುವಾಗ ದಾರವನ್ನು ಮಾತ್ರ ಕತ್ತರಿಸಿ ಪಟ್ಟಿಯನ್ನು ಬಿಡಿಸಿ ಹೆಣಿಗೆಯನ್ನು ಬಿಚ್ಚಲಾಗುತ್ತದೆ. ಆಗ ಹಿಡಿಗಟ್ಟಲೆ ಕೂದಲು ಕೈಗೆ ಬರುವುದನ್ನು ಕಂಡು ಹೊಸದಾಗಿ ಧರಿಸಿದವರು ಗಾಬರಿಯಾಗುವುದುಂಟು. ಮನುಷ್ಯರ ತಲೆಯಿಂದ ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ. 8 ವಾರಗಳೆಂದರೆ 56 ದಿನಗಳು. ಹೆಣಿಗೆಯೊಳಗೆ ಸಿಕ್ಕಿಕೊಂಡು ಉಳಿದ ಕೂದಲು 2,800ರಿಂದ 5,600ರವರೆಗೆ ಆಗಬಹುದು. ಇದು ವೀವ್‌ನಿಂದಾದ ನಷ್ಟವಲ್ಲ.

ನಿಜವಾದ ಅಪಾಯ ಬೇರೆ ಇದೆ. ಹೆಣಿಗೆ ಅತಿ ಬಿಗಿಯಾಗಿದ್ದರೆ ಅಥವಾ ಪಟ್ಟಿಯ ಭಾರ ಹೆಚ್ಚಾಗಿದ್ದರೆ ಕೂದಲಿನ ಬುಡ ಸತತವಾಗಿ ಎಳೆತಕ್ಕೆ ಒಳಗಾಗುತ್ತದೆ. ಹಣೆಯ ಅಂಚಿನಲ್ಲೂ ಕಪೋಲದ ಮೇಲ್ಭಾಗದಲ್ಲೂ ಕೂದಲು ತೆಳುವಾಗುತ್ತ ಹೋಗುವ ಈ ಸ್ಥಿತಿಗೆ ವೈದ್ಯರು ಟ್ರ್ಯಾಕ್ಷನ್ ಅಲೋಪೀಷಿಯ ಎನ್ನುತ್ತಾರೆ. ಆರಂಭದಲ್ಲೇ ಎಳೆತವನ್ನು ನಿಲ್ಲಿಸಿದರೆ ಕೂದಲು ಮತ್ತೆ ಬೆಳೆಯುತ್ತದೆ. ವರ್ಷಗಟ್ಟಲೆ ಮುಂದುವರಿದರೆ ಆ ಜಾಗ ಶಾಶ್ವತವಾಗಿ ಬೋಳಾಗಬಹುದು. ಹೊಲಿದ ಬಳಿಕ ನೋವು, ನೆತ್ತಿಯಲ್ಲಿ ಸಣ್ಣ ಗುಳ್ಳೆಗಳು ಕಂಡರೆ ಸಡಿಲಗೊಳಿಸಬೇಕು. ಒಂದು ವೀವ್ ತೆಗೆದು ಇನ್ನೊಂದನ್ನು ಹೊಲಿಯುವ ನಡುವೆ ತಲೆಗೆ ಬಿಡುವು ಕೊಡಬೇಕು. ಪಟ್ಟಿಯ ತೂಕ ಮತ್ತು ದಪ್ಪ ತಯಾರಕರ ಕೈಯಲ್ಲಿರುವುದರಿಂದ ಈ ವಿಷಯದಲ್ಲಿ ಅವರ ಹೊಣೆಯೂ ಇದೆ.

ಕೂದಲಿನ ದಿಕ್ಕು

ಮೇಲಿನ ವಿವರಣೆಯಿಂದ ಕೂದಲಿಗೆ ಬೇಕಾದ ಮೊದಲ ಗುಣ ಯಾವುದೆಂದು ಸ್ಪಷ್ಟವಾಗುತ್ತದೆ. ಎಂಟು ವಾರಗಳ ತೊಳೆತ ಮತ್ತು ಬಾಚಣಿಕೆಯನ್ನು ತಾಳಿ ಸಿಕ್ಕುಗಟ್ಟದಿರುವುದೇ ಆ ಗುಣ.

ಕೂದಲಿನ ಎಳೆಯ ಹೊರಮೈಯಲ್ಲಿ ಸೂಕ್ಷ್ಮವಾದ ಹುರುಪೆಗಳ ಹೊದಿಕೆ ಇದೆ. ಇದಕ್ಕೆ ಕ್ಯುಟಿಕಲ್ ಎಂದು ಹೆಸರು. ಮಂಗಳೂರು ಹೆಂಚುಗಳನ್ನು ಮಾಡಿನ ಮೇಲೆ ಹೊದಿಸಿದಂತೆ ಈ ಹುರುಪೆಗಳು ಬುಡದಿಂದ ತುದಿಯ ಕಡೆಗೆ ಒಂದರ ಮೇಲೊಂದು ಜೋಡಣೆಯಾಗಿರುತ್ತವೆ. ಎಲ್ಲ ಎಳೆಗಳ ಬುಡವೂ ಒಂದೇ ಕಡೆಗಿದ್ದರೆ ಅವು ಒಂದರ ಪಕ್ಕದಲ್ಲೊಂದು ನಯವಾಗಿ ಜಾರುತ್ತವೆ. ಕೆಲವು ಎಳೆಗಳ ಬುಡ ಮೇಲೂ ಕೆಲವುಗಳ ಬುಡ ಕೆಳಗೂ ಇದ್ದರೆ ಹುರುಪೆಗಳು ಪರಸ್ಪರ ಸಿಕ್ಕಿಕೊಂಡು ಗಂಟಾಗುತ್ತವೆ. ಬುಡಗಳೆಲ್ಲ ಒಂದೇ ದಿಕ್ಕಿಗಿರುವ ಕೂದಲನ್ನು ವ್ಯಾಪಾರದಲ್ಲಿ ರೆಮಿ ಎನ್ನಲಾಗುತ್ತದೆ. ತಲೆಯಿಂದ ನೇರವಾಗಿ ಕತ್ತರಿಸಿ ಅಥವಾ ಬೋಳಿಸಿ ಕಟ್ಟಿಟ್ಟ ಕೂದಲಿನಲ್ಲಿ ಈ ದಿಕ್ಕು ಉಳಿದಿರುತ್ತದೆ. ಮುಡಿ ಕೂದಲಿಗೆ ಬೆಲೆ ಹೆಚ್ಚಿರಲು ಇದೂ ಒಂದು ಕಾರಣ.

ಬಾಚಣಿಗೆಯ ಉದುರು ಕೂದಲಿನಲ್ಲಿ ದಿಕ್ಕು ಪೂರ್ಣವಾಗಿ ಕಲಸಿಹೋಗಿರುತ್ತದೆ. ಅದನ್ನು ಸಿಕ್ಕುಗಟ್ಟದಂತೆ ಮಾಡಲು ಎರಡು ದಾರಿಗಳಿವೆ. ಎಳೆಗಳ ಬುಡ ಮತ್ತು ತುದಿಯನ್ನು ಗುರುತಿಸಿ ಮತ್ತೆ ಒಂದೇ ದಿಕ್ಕಿಗೆ ತರುವುದು ಶ್ರಮದ ದಾರಿ. ಆಮ್ಲದ ದ್ರಾವಣದಲ್ಲಿ ಹುರುಪೆಗಳನ್ನು ಕರಗಿಸಿ, ಹೊಳಪಿಗಾಗಿ ಸಿಲಿಕೋನ್ ಲೇಪಿಸುವುದು ಅಗ್ಗದ ದಾರಿ. ಎರಡನೆಯ ಬಗೆಯ ಕೂದಲು ಪೊಟ್ಟಣದಲ್ಲಿ ರೆಮಿ ಕೂದಲಿಗಿಂತಲೂ ಹೊಳೆಯಬಹುದು. ಆದರೆ ಕೆಲವು ಬಾರಿ ತೊಳೆದೊಡನೆ ಲೇಪ ಹೋಗಿ, ಎಳೆಗಳು ಒಣಗಿ ಸಿಕ್ಕಾಗುತ್ತವೆ. ಮಾರಿದ ದಿನ ಮರೆಯಾಗಿದ್ದ ದೋಷ ಮೂರನೆಯ ವಾರದಲ್ಲಿ ಧರಿಸಿದವರ ತಲೆಯ ಮೇಲೆ ಬಯಲಾಗುತ್ತದೆ.

ಇದನ್ನು ಪರೀಕ್ಷಿಸಲು ಪ್ರಯೋಗಾಲಯ ಬೇಕಿಲ್ಲ. ಒಂದು ಎಳೆಯನ್ನು ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಹಿಡಿದು ಎಳೆದರೆ ಬುಡದಿಂದ ತುದಿಗೆ ನಯವಾಗಿಯೂ ತುದಿಯಿಂದ ಬುಡಕ್ಕೆ ಒರಟಾಗಿಯೂ ತೋರುತ್ತದೆ. ಅದೇ ಎಳೆಯನ್ನು ಎರಡು ಬೆರಳುಗಳ ನಡುವೆ ಉದ್ದುದ್ದಕ್ಕೆ ಹಿಂದೆ ಮುಂದೆ ಉಜ್ಜಿದರೆ ಅದು ತನ್ನ ಬುಡದ ದಿಕ್ಕಿಗೆ ತಾನೇ ಸರಿಯುತ್ತದೆ. ಹುರುಪೆ ಕರಗಿಸಿದ ಕೂದಲು ಹೀಗೆ ಸರಿಯುವುದಿಲ್ಲ. ಲೇಪವನ್ನು ಕಂಡುಹಿಡಿಯಲು ಮಾದರಿ ಕಟ್ಟನ್ನು ತೀಕ್ಷ್ಣವಾದ ಶಾಂಪೂವಿನಿಂದ ಹಲವು ಬಾರಿ ತೊಳೆದು, ಪ್ರತಿ ಬಾರಿಯೂ ಒಣಗಿಸಿ ಬಾಚಿ ನೋಡಬೇಕು.

ಪಟ್ಟಿಯ ತಯಾರಿಕೆ

ಬಿಡಿ ಕೂದಲನ್ನು ಒಂದೇ ಸಾಲಿನಲ್ಲಿ ಹೊಲಿದು ಮಾಡಿದ ಪಟ್ಟಿಗೆ ವೆಫ್ಟ್ ಎನ್ನುತ್ತಾರೆ. ಯಂತ್ರದ ವೆಫ್ಟನ್ನು ಸಾಮಾನ್ಯವಾಗಿ ಒಂದರ ಮುಂದೊಂದು ನಿಲ್ಲಿಸಿದ ಮೂರು ಹೊಲಿಗೆ ಯಂತ್ರಗಳ ಜೋಡಣೆಯಲ್ಲಿ ತಯಾರಿಸಲಾಗುತ್ತದೆ. ಮೊದಲ ಯಂತ್ರ ಕೂದಲನ್ನು ಹಿಡಿಯುತ್ತದೆ. ಬುಡದ ತುದಿಗಳನ್ನು ಮಡಚಿದ ಬಳಿಕ ಉಳಿದ ಯಂತ್ರಗಳು ಅದನ್ನು ಭದ್ರಪಡಿಸುತ್ತವೆ. ಇಂತಹ ಪಟ್ಟಿ ಗಟ್ಟಿಯಾಗಿರುತ್ತದೆ. ಅಳತೆಗೆ ತಕ್ಕಂತೆ ಕತ್ತರಿಸಬಹುದು. ಕೈಯಿಂದ ಗಂಟುಹಾಕಿದ ವೆಫ್ಟ್ ಇನ್ನೂ ತೆಳುವಾಗಿದ್ದು ನೆತ್ತಿಯ ಮೇಲೆ ಹೆಚ್ಚು ಸಮನಾಗಿ ಕೂರುತ್ತದೆ. ಆದರೆ ಅದನ್ನು ನಡುವೆ ಕತ್ತರಿಸಿ ಅಂಟಿನಿಂದ ಮುಚ್ಚದಿದ್ದರೆ ಗಂಟುಗಳು ಬಿಚ್ಚಿಕೊಳ್ಳುತ್ತವೆ.

ಪಟ್ಟಿಯ ಅಂಚಿನಲ್ಲಿ ತಯಾರಕರು ಎರಡು ವಿರುದ್ಧ ಬೇಡಿಕೆಗಳನ್ನು ಸರಿದೂಗಿಸಬೇಕಾಗುತ್ತದೆ. ಹೊಲಿಗೆ ದಟ್ಟವಾಗಿದ್ದರೆ ಕೂದಲು ಉದುರದು, ಆದರೆ ಅಂಚು ದಪ್ಪವಾಗಿ ಮೇಲೆ ಉಬ್ಬು ಕಾಣುತ್ತದೆ. ಹೊಲಿಗೆ ವಿರಳವಾಗಿದ್ದರೆ ಅಂಚು ತೆಳುವಾಗುತ್ತದೆ, ಆದರೆ ಬಾಚಿದಂತೆಲ್ಲ ಎಳೆಗಳು ಕಳಚುತ್ತವೆ. ಕಟ್ಟಿನಿಂದ ಒಂದು ಪಟ್ಟಿಯನ್ನು ತೆಗೆದು, ಬಾಚಿ, ಬೆರಳುಗಳಿಂದ ಬಲವಾಗಿ ಸವರಿ, ಬಿದ್ದ ಎಳೆಗಳನ್ನು ಎಣಿಸುವುದು ಪ್ರತಿ ದಿನದ ತಯಾರಿಕೆಗೂ ಅನ್ವಯಿಸಬೇಕಾದ ಸರಳ ಪರೀಕ್ಷೆ. ಲೇಸ್ ಕ್ಲೋಷರ್‌ನ ಕೆಲಸವಂತೂ ಸಣ್ಣ ಕೊಕ್ಕೆಸೂಜಿಯಿಂದ ಕೈಯಲ್ಲೇ ನಡೆಯುವಂಥದ್ದು. ಕಸೂತಿಯಲ್ಲಿ ಪಳಗಿದ ಕೈಗಳಿಗೆ ಅದನ್ನು ಕಲಿಯುವುದು ಕಷ್ಟವಲ್ಲ, ಇದಕ್ಕೆ ದೊಡ್ಡ ಯಂತ್ರ ಬಂಡವಾಳವೂ ಬೇಕಿಲ್ಲ.

ತೂಕ ಮತ್ತು ಉದ್ದದ ಲೆಕ್ಕ

ಮಾರುಕಟ್ಟೆಯಲ್ಲಿ ವೆಫ್ಟ್ ಸಾಮಾನ್ಯವಾಗಿ 100 ಗ್ರಾಂ ಆಸುಪಾಸಿನ ಕಟ್ಟುಗಳಲ್ಲಿ ಮಾರಾಟವಾಗುತ್ತದೆ. ಉದ್ದವನ್ನು ಅಂಗುಲಗಳಲ್ಲಿ ಹೇಳುತ್ತಾರೆ. ತೂಕ ಒಂದೇ ಆಗಿರುವಾಗ ಕೂದಲು ಉದ್ದವಾದಷ್ಟೂ ಪಟ್ಟಿ ಕಿರಿದಾಗುತ್ತದೆ. ದಟ್ಟಣೆ ಸಮಾನವಾಗಿದ್ದರೆ 28 ಅಂಗುಲದ ಕಟ್ಟಿನ ಪಟ್ಟಿ 14 ಅಂಗುಲದ ಕಟ್ಟಿನ ಪಟ್ಟಿಯ ಅರ್ಧದಷ್ಟೇ ಇರುತ್ತದೆ. ಆದ್ದರಿಂದ ಮಧ್ಯಮ ಉದ್ದಕ್ಕೆ 2 ಅಥವಾ 3 ಕಟ್ಟುಗಳು ಸಾಕಾದರೆ, ಹೆಚ್ಚಿನ ಉದ್ದಕ್ಕೆ ಇನ್ನೂ ಒಂದೆರಡು ಕಟ್ಟು ಬೇಕಾಗುತ್ತದೆ.

ಕಟ್ಟಿನಲ್ಲಿ ಬುಡದಿಂದ ತುದಿಯವರೆಗೆ ದಟ್ಟಣೆ ಹೇಗಿದೆ ಎಂಬುದೂ ಮುಖ್ಯ. ಗಿಡ್ಡ ಎಳೆಗಳೂ ಸೇರಿರುವ ಕಟ್ಟು ತುದಿಯಲ್ಲಿ ತೆಳುವಾಗುತ್ತದೆ. ಇದು ಸಿಂಗಲ್ ಡ್ರಾನ್. ಗಿಡ್ಡ ಎಳೆಗಳನ್ನು ಹೆಚ್ಚಾಗಿ ಆರಿಸಿ ತೆಗೆದ ಕಟ್ಟು ತುದಿಯವರೆಗೂ ದಟ್ಟವಾಗಿರುತ್ತದೆ. ಇದು ಡಬಲ್ ಡ್ರಾನ್. ಎರಡನೆಯದಕ್ಕೆ ಶ್ರಮವೂ ಕಳೆತವೂ ಹೆಚ್ಚು, ಬೆಲೆಯೂ ಹೆಚ್ಚು. ಕೂದಲು ಗಾಳಿಯ ತೇವವನ್ನು ಹೀರುವ ವಸ್ತುವಾದ್ದರಿಂದ ಮಳೆಗಾಲದಲ್ಲಿ ತೂಗಿದ ಸರಕು ಒಣ ಪ್ರದೇಶದಲ್ಲಿ ಕಡಮೆ ತೂಗುತ್ತದೆ. ಚೆನ್ನಾಗಿ ಒಣಗಿಸಿಯೇ ತೂಗುವುದರಿಂದ ತಕರಾರು ತಪ್ಪುತ್ತದೆ, ಬೂಷ್ಟಿನ ಭಯವೂ ಇರುವುದಿಲ್ಲ.

100 ಗ್ರಾಂನ ಮೂರು ಕಟ್ಟುಗಳೆಂದರೆ ಒಂದು ತಲೆ. ಒಂದು ಕಿಲೋಗ್ರಾಂ ಎಂದರೆ ಸುಮಾರು ಮೂರು ತಲೆಗಳ ಸರಕು. ಹತ್ತು ಕಿಲೋಗ್ರಾಂನ ಒಂದು ಲಾಟಿನಲ್ಲಿ ಕಲಬೆರಕೆಯಾದರೆ ಮೂವತ್ತಕ್ಕೂ ಹೆಚ್ಚು ಗ್ರಾಹಕರು ಹೊಲಿಗೆಯ ಕೂಲಿಯನ್ನೂ ಕಳೆದುಕೊಳ್ಳುತ್ತಾರೆ. ಆ ದೂರು ಮೊದಲು ತಲುಪುವುದು ಹೊಲಿದವರಿಗೆ, ಆಮೇಲೆ ಅಂಗಡಿಗೆ, ಕೊನೆಗೆ ತಯಾರಕರಿಗೆ. ಅಷ್ಟರಲ್ಲಿ ಮುಂದಿನ ಆರ್ಡರ್ ಬೇರೆಡೆಗೆ ಹೋಗಿರುತ್ತದೆ.

ಹೆಸರು, ದರ್ಜೆ ಮತ್ತು ಮೂಲ

ಈ ಮಾರುಕಟ್ಟೆಯಲ್ಲಿ ಚಲಾವಣೆಯಲ್ಲಿರುವ ‘ಬ್ರೆಜಿಲಿಯನ್’, ‘ಪೆರುವಿಯನ್’ ಮುಂತಾದ ಹೆಸರುಗಳು ಬಹುಮಟ್ಟಿಗೆ ಅಲೆ ಮತ್ತು ಸ್ಪರ್ಶದ ಬಗೆಯನ್ನು ಸೂಚಿಸುವ ವ್ಯಾಪಾರದ ಹೆಸರುಗಳೇ ಹೊರತು ಕೂದಲು ಬಂದ ದೇಶವನ್ನು ಹೇಳುವುದಿಲ್ಲ. 7ಎ, 10ಎ ಎಂಬ ದರ್ಜೆಗಳಿಗೂ ಯಾವುದೇ ಅಧಿಕೃತ ಮಾನಕದ ಆಧಾರವಿಲ್ಲ. ಇಂತಹ ಗೊಂದಲದ ನಡುವೆ, ಮೂಲವನ್ನೂ ಸಂಸ್ಕರಣೆಯನ್ನೂ ಉಳ್ಳದ್ದನ್ನು ಉಳ್ಳಂತೆ ನಮೂದಿಸುವ ತಯಾರಕರಿಗೆ ಪ್ರತ್ಯೇಕ ಮನ್ನಣೆ ದೊರೆಯುವ ಅವಕಾಶವಿದೆ. ಉದುರು ಕೂದಲಿನ ಸರಕಿಗೂ ಕಡಮೆ ಬೆಲೆಯ ನ್ಯಾಯವಾದ ಮಾರುಕಟ್ಟೆ ಇದೆ. ಅದನ್ನು ರೆಮಿ ಎಂದು ಮಾರಿದಾಗ ಮಾತ್ರ ತೊಂದರೆ ಆರಂಭವಾಗುತ್ತದೆ.

ಮೂಲದ ಪ್ರಶ್ನೆ ಎಷ್ಟು ಗಂಭೀರವಾಗಬಲ್ಲುದು ಎಂಬುದಕ್ಕೆ ಎರಡು ನಿದರ್ಶನಗಳಿವೆ. 2004ರಲ್ಲಿ ಇಸ್ರೇಲಿನ ಹಿರಿಯ ಧರ್ಮಗುರುವೊಬ್ಬರು ದೇವಾಲಯದಲ್ಲಿ ಅರ್ಪಿಸಿದ ಭಾರತೀಯ ಕೂದಲಿನ ವಿಗ್ಗುಗಳನ್ನು ಧರಿಸಬಾರದೆಂದು ತೀರ್ಪಿತ್ತಾಗ, ಸಂಪ್ರದಾಯಸ್ಥ ಯಹೂದಿ ಮಹಿಳೆಯರು ಬೆಲೆಬಾಳುವ ವಿಗ್ಗುಗಳನ್ನು ತ್ಯಜಿಸಿದರು. ನ್ಯೂಯಾರ್ಕಿನಲ್ಲಿ ಅವನ್ನು ಸುಟ್ಟದ್ದೂ ಉಂಟು. 2020ರಲ್ಲಿ ಅಮೆರಿಕದ ಸುಂಕ ಇಲಾಖೆಯು ಬಲವಂತದ ದುಡಿಮೆಯ ಶಂಕೆಯ ಮೇಲೆ ಚೀನದ ಷಿನ್‌ಜಿಯಾಂಗ್ ಪ್ರಾಂತದ ಕೆಲವು ತಯಾರಕರ ಕೂದಲ ಸರಕನ್ನು ತಡೆಹಿಡಿಯಿತು. ಕೂದಲನ್ನು ಎಲ್ಲಿಂದ, ಯಾರಿಂದ, ಯಾವಾಗ ಕೊಂಡದ್ದೆಂಬ ದಾಖಲೆಗಳು ಸರಕಿನಷ್ಟೇ ಮುಖ್ಯವೆಂಬುದು ಇದರಿಂದ ವಿದಿತವಾಗುತ್ತದೆ.

ರಫ್ತಿನ ನಿಯಮಗಳು

ಸುಂಕದ ವರ್ಗೀಕರಣದಲ್ಲಿ ಸಂಸ್ಕರಿಸದ ಮಾನವ ಕೂದಲು 0501, ಸಂಸ್ಕರಿಸಿ ಸಿದ್ಧಗೊಳಿಸಿದ ಕೂದಲು 6703, ವಿಗ್ಗು ಮುಂತಾದ ಸಿದ್ಧವಸ್ತುಗಳು 6704 ಶೀರ್ಷಿಕೆಗಳಡಿ ಬರುತ್ತವೆ. ಕಚ್ಚಾ ಕೂದಲು ಕಡಮೆ ಬೆಲೆಗೆ ದೇಶದಿಂದ ಹೊರಹೋಗಿ ಸ್ಥಳೀಯ ಘಟಕಗಳಿಗೆ ಕೊರತೆಯಾಗುತ್ತಿದೆ ಎಂಬ ದೂರುಗಳ ಹಿನ್ನೆಲೆಯಲ್ಲಿ 2022ರ ಜನವರಿಯಲ್ಲಿ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯವು ಅದರ ರಫ್ತನ್ನು ಮುಕ್ತ ವರ್ಗದಿಂದ ನಿರ್ಬಂಧಿತ ವರ್ಗಕ್ಕೆ ತಂದಿತು. ಆ ಬಳಿಕವೂ ನಿಯಮಗಳು ಪರಿಷ್ಕರಣೆಗೊಂಡಿವೆ. ಆದ್ದರಿಂದ ಆರ್ಡರ್ ಒಪ್ಪುವ ಮೊದಲೇ ಚಾಲ್ತಿಯಲ್ಲಿರುವ ಅಧಿಸೂಚನೆಯನ್ನೂ, ಆಮದು ಮಾಡಿಕೊಳ್ಳುವ ದೇಶದ ಸುಂಕವನ್ನೂ ಪರಿಶೀಲಿಸುವುದು ಕ್ಷೇಮಕರ.

ಕಚ್ಚಾ ಸರಕನ್ನು ದೇಶದಲ್ಲೇ ಉಳಿಸಿಕೊಂಡು ಸಿದ್ಧವಸ್ತುವನ್ನು ಮಾರುವ ನೀತಿಗೆ ಹಿಂದಿನ ಉದಾಹರಣೆಯೂ ಇದೆ. 1960ರ ದಶಕದ ಮಧ್ಯಭಾಗದಲ್ಲಿ ದಕ್ಷಿಣ ಕೊರಿಯ ಕಚ್ಚಾ ಕೂದಲಿನ ರಫ್ತನ್ನು ತಡೆದು ವಿಗ್ಗುಗಳ ತಯಾರಿಕೆಯನ್ನು ಬೆಳೆಸಿತು. ಚೀನದ ಕೂದಲಿನ ಮೇಲೆ ಅಮೆರಿಕ ವಿಧಿಸಿದ ನಿಷೇಧವೂ ಅದಕ್ಕೆ ನೆರವಾಯಿತು. ಕೆಲವೇ ವರ್ಷಗಳಲ್ಲಿ ವಿಗ್ಗು ಆ ದೇಶದ ಪ್ರಮುಖ ರಫ್ತುಗಳ ಸಾಲಿಗೆ ಸೇರಿತು.

ಆದರೆ ನಿಯಮವೊಂದರಿಂದಲೇ ಉದ್ದಿಮೆ ಬೆಳೆಯದು. ವಿಂಗಡಣೆಯ ಮಟ್ಟದಲ್ಲೇ ನಿಂತಿರುವ ಘಟಕವು ಒಮ್ಮೆಗೇ ದೊಡ್ಡ ಹೂಡಿಕೆ ಮಾಡಬೇಕಾಗಿಲ್ಲ. ಮೊದಲು ದಿಕ್ಕು ಕಾಯ್ದುಕೊಂಡ ಕೂದಲನ್ನೂ ಉದುರು ಕೂದಲನ್ನೂ ಬೇರೆಬೇರೆಯಾಗಿ ಇರಿಸಿ ಲೆಕ್ಕ ಬರೆಯುವುದು. ಅನಂತರ ಒಂದು ವೆಫ್ಟ್ ಯಂತ್ರಜೋಡಣೆಯಿಂದ ಸಣ್ಣ ಪ್ರಮಾಣದಲ್ಲಿ ಪಟ್ಟಿ ತಯಾರಿಸಿ, ತೊಳೆದು, ಬಾಚಿ ಪರೀಕ್ಷಿಸುವುದು. ಆಮೇಲೆ ಮಾದರಿಗಳನ್ನು ಹೊಲಿಗೆಯ ಅನುಭವವುಳ್ಳ ಸಲೂನುಗಳಿಗೆ ಕಳುಹಿಸಿ ಎಂಟು ವಾರಗಳ ನಂತರದ ಅಭಿಪ್ರಾಯವನ್ನು ತರಿಸಿಕೊಳ್ಳುವುದು ಕ್ರಮಬದ್ಧವಾದ ಮಾರ್ಗ. ಮಾದರಿ ಕೈಸೇರಿದ ದಿನ ಬರುವ ಮೆಚ್ಚುಗೆಗಿಂತ, ದಾರ ಕತ್ತರಿಸಿ ಪಟ್ಟಿಯನ್ನು ಬಿಡಿಸಿದ ದಿನ ‘ಇದನ್ನೇ ಇನ್ನೊಮ್ಮೆ ಹೊಲಿಯಬಹುದು’ ಎಂದು ಬರುವ ಒಂದು ಸಾಲಿನ ಉತ್ತರಕ್ಕೆ ಬೆಲೆ ಹೆಚ್ಚು. ತಯಾರಕರು ದರ ನಿಗದಿ ಮಾಡಬೇಕಾದದ್ದು ಆ ಉತ್ತರ ಬಂದ ಮೇಲೆ.